ನಲ್ಲಮಲೆಯ ಪೆಂಟಗಳೂ ಒಪ್ಪಿಗೆಯ ರುಜುವೂ



ಹೈದರಾಬಾದಿನ ಹೋಟೆಲುಗಳಲ್ಲಿಯೂ ಗಿರಣಿಗಳಲ್ಲಿಯೂ ದುಡಿಯುವ ನಮ್ಮವರಲ್ಲಿ ಶ್ರೀಶೈಲದ ದಾರಿ ಕಾಣದವರು ಕಡಮೆ. ವಾರದ ರಜೆಗೆ ಇನ್ನೊಂದು ದಿನ ಸೇರಿತೆಂದರೆ ಬಸ್ಸು ಹತ್ತುವವರು ನಾವು. ಯುಗಾದಿ ಬಂದರೆ ವಿಜಯಪುರ, ಬಾಗಲಕೋಟೆ, ರಾಯಚೂರು ಕಡೆಯ ನಮ್ಮ ಬಂಧುಗಳು ಕಾಲ್ನಡಿಗೆಯಲ್ಲಿಯೇ ಮಲ್ಲಯ್ಯನ ದರ್ಶನಕ್ಕೆ ಬರುತ್ತಾರೆ. ಅಕ್ಕಮಹಾದೇವಿ ಕೊನೆಗೆ ಅರಸಿ ಬಂದುದೂ ಈ ಬೆಟ್ಟವನ್ನೇ. ಆದುದರಿಂದ ನಲ್ಲಮಲೆಯ ಕಾಡು ನಮಗೆ ಪರನಾಡಲ್ಲ.

ಹೈದರಾಬಾದಿನಿಂದ ಸುಮಾರು 140 ಕಿಲೋಮೀಟರು ಹೋದರೆ ಮನ್ನನೂರಿನ ತನಿಖಾ ಠಾಣೆ. ಅಲ್ಲಿಂದಾಚೆಗೆ ಅಮ್ರಾಬಾದಿನ ಹುಲಿ ಸಂರಕ್ಷಿತ ಪ್ರದೇಶ. 1983ರಲ್ಲಿ ಕೃಷ್ಣೆಯ ಎರಡೂ ದಡದ ಕಾಡು ಸೇರಿ ನಾಗಾರ್ಜುನಸಾಗರ–ಶ್ರೀಶೈಲ ಎಂಬ ಹೆಸರಿನಲ್ಲಿ ಹುಲಿ ಯೋಜನೆಗೆ ಒಳಪಟ್ಟಿತು. 2014ರಲ್ಲಿ ರಾಜ್ಯ ಎರಡಾದಾಗ ತೆಲಂಗಾಣದ ಪಾಲಿಗೆ ಬಂದ ಭಾಗ ಅಮ್ರಾಬಾದ್ ಎನಿಸಿಕೊಂಡಿತು. ಅದರ ವಿಸ್ತಾರ 2,600 ಚದರ ಕಿಲೋಮೀಟರಿಗೂ ಹೆಚ್ಚು. ಬಸ್ಸಿನ ಕಿಟಕಿಯಿಂದ ನಮಗೆ ಕಾಣುವುದು ಮರ ಮತ್ತು ಮಂಗ. ಆದರೆ ಈ ಎತ್ತರದ ಸೀಮೆಯ ಒಳಗೆ ಊರುಗಳಿವೆ. ಫರಹಾಬಾದ್ ಗೇಟಿನಿಂದ ಕಚ್ಚಾ ದಾರಿ ಹಿಡಿದು ಬಹುದೂರ ಹೋದರೆ ಅಪ್ಪಾಪುರ ಸಿಗುತ್ತದೆ. ಅದರ ಸುತ್ತ ಮಲ್ಲಾಪುರ, ರಾಂಪುರ, ಭೌರಾಪುರ, ಮೇಡಿಮಲ್ಕಲ ಮುಂತಾದ ಸಣ್ಣ ಹಾಡಿಗಳು. ಇವನ್ನು ಅಲ್ಲಿಯವರು ಪೆಂಟ ಎನ್ನುತ್ತಾರೆ. ವಾಸವಾಗಿರುವವರು ಚೆಂಚು ಜನ.

ಚೆಂಚುಗಳು ಬೆಟ್ಟದ ಬಂಡೆಗೆ ಹಗ್ಗ ಇಳಿಬಿಟ್ಟು ಜೇನು ತೆಗೆಯುವವರು. ಗೆಡ್ಡೆ ಅಗೆದು, ಅಂಟು ಕೂಡಿಸಿ, ಇಪ್ಪೆ ಹೂ ಆರಿಸಿ ಬಾಳುವವರು. ಶ್ರೀಶೈಲದ ಮಲ್ಲಿಕಾರ್ಜುನನನ್ನು ಚೆಂಚು ಮಲ್ಲಯ್ಯ ಎಂದೂ ತಮ್ಮ ಮನೆಯ ಅಳಿಯನೆಂದೂ ಕರೆಯುತ್ತಾರೆ. ನಾವು ಭಕ್ತರಾದರೆ ಅವರು ಬೀಗರು! 1940ರ ಸುಮಾರಿಗೆ ಇವರ ನಡುವೆ ಇದ್ದು ಅಧ್ಯಯನ ಮಾಡಿದ ಹೈಮೆನ್‌ಡಾರ್ಫ್ ಎಂಬ ವಿದ್ವಾಂಸರು 1943ರಲ್ಲಿ ಇವರ ಮೇಲೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಹುಲಿ ಯೋಜನೆ ಬರುವ ಎಷ್ಟೋ ಮೊದಲೇ ಹುಲಿಯೂ ಚೆಂಚುವೂ ಒಂದೇ ಕಾಡಿನಲ್ಲಿ ಇದ್ದರೆಂಬುದು ಇದರಿಂದ ಸ್ಪಷ್ಟ.

ಈಗ ಈ ಪೆಂಟಗಳನ್ನು ಕಾಡಿನಿಂದ ಹೊರಗೆ ಸಾಗಿಸುವ ಮಾತು ಮತ್ತೆ ಮತ್ತೆ ಎದ್ದಿದೆ. ಇದನ್ನು ಕುರಿತು ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ.

ಹುಲಿ ಬೇಕು, ಕಾಡು ಬೇಕು. ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಆ ದಾರಿಯಲ್ಲಿ ವಾಹನ ಬಿಡುವುದಿಲ್ಲ. ಅದು ಸರಿಯಾದ ಕ್ರಮವೇ. ಆದರೆ ಹುಲಿಯನ್ನು ಜಮೆಗೆ ಬರೆಯುವಾಗ ಚೆಂಚುವನ್ನು ಖರ್ಚಿಗೆ ಬರೆಯಬೇಕೆಂದು ಯಾವ ಕಾಯಿದೆಯೂ ಹೇಳುವುದಿಲ್ಲ. 2006ರ ತಿದ್ದುಪಡಿಯಾದ ವನ್ಯಜೀವಿ ಕಾಯಿದೆಯೂ ಅದೇ ವರ್ಷದ ಅರಣ್ಯ ಹಕ್ಕು ಕಾಯಿದೆಯೂ ಹೇಳುವುದು ಒಂದೇ ಮಾತು: ಮೊದಲು ಹಕ್ಕನ್ನು ಗುರುತಿಸಿ, ಗ್ರಾಮಸಭೆಗೆ ಎಲ್ಲವನ್ನೂ ತಿಳಿಸಿ, ಅದರ ಒಪ್ಪಿಗೆ ಪಡೆದ ನಂತರವೇ ಜನರನ್ನು ಸಾಗಿಸಬಹುದು. ಪರಿಹಾರವೂ ಉಂಟು. 2008ರಲ್ಲಿ ಕುಟುಂಬಕ್ಕೆ 10 ಲಕ್ಷ ರೂಪಾಯಿ ಇದ್ದುದು 2021ರಲ್ಲಿ 15 ಲಕ್ಷವಾಯಿತು. ಹಣ ಬೇಡವೆಂದವರಿಗೆ ಭೂಮಿ, ಮನೆಯ ದಾರಿಯೂ ಇದೆ.

ಕಾಯಿದೆ ಚೆನ್ನಾಗಿಯೇ ಇದೆ. ತೊಡಕಿರುವುದು ಒಪ್ಪಿಗೆ ಎಂಬ ಒಂದು ಶಬ್ದದಲ್ಲಿ. ಆ ಶಬ್ದದ ಬೆಲೆಯನ್ನು ಗಿರಣಿ ಕೆಲಸಗಾರನಿಗಿಂತ ಚೆನ್ನಾಗಿ ಬಲ್ಲವರು ಯಾರು? ಮೂರು ತಿಂಗಳ ಪಗಾರ ಬಾಕಿ ಇಟ್ಟು, ಪಾಳಿ ಕಡಿದು, ಆಮೇಲೆ ಸ್ವಂತ ಇಚ್ಛೆಯಿಂದ ನಿವೃತ್ತನಾಗುತ್ತೇನೆ ಎಂಬ ಕಾಗದವನ್ನು ಮುಂದಿಟ್ಟರೆ ಬೀಳುವ ರುಜು ಎಂಥದು? ಅದು ಕೈಯ ರುಜುವಲ್ಲ, ಹೊಟ್ಟೆಯ ರುಜು. ಪೆಂಟಗಳಲ್ಲಿಯೂ ಇದೇ ಭಯ. ಸಂರಕ್ಷಿತ ಪ್ರದೇಶವೆಂಬ ಕಾರಣಕ್ಕೆ ರಸ್ತೆಗೂ ಕಟ್ಟಡಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ದಾರಿಯಿಲ್ಲದಿದ್ದರೆ ವೈದ್ಯನಿಲ್ಲ, ಮಾಸ್ತರನೂ ನಿಲ್ಲುವುದಿಲ್ಲ. ಬಸುರಿಯನ್ನು ಆಸ್ಪತ್ರೆಗೆ ಸಾಗಿಸಲು ಬೆಳಗಿನಿಂದ ಸಂಜೆಯಾದರೆ ಯಾವ ತಂದೆತಾಯಿ ತಾನೇ ಊರು ಬಿಡುತ್ತೇವೆ ಎನ್ನುವುದಿಲ್ಲ? ಬದುಕನ್ನು ಕಷ್ಟ ಮಾಡಿ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ.

ಹಾಗೆಂದು ಯಾರೂ ಕಾಡು ಬಿಡಬಾರದೆಂದು ನಾವು ಹಟ ಹಿಡಿಯುವುದಿಲ್ಲ. ಮಕ್ಕಳ ಓದಿಗಾಗಿ ಹೊರಬರಲು ಬಯಸುವ ಚೆಂಚುಗಳೂ ಉಂಟು. ಅವರನ್ನು ತಡೆಯಲು ನಾವು ಯಾರು? ನಮ್ಮ ಮಲೆನಾಡಿನ ಭದ್ರಾ ಅಭಯಾರಣ್ಯದಿಂದ 2001–2002ರಲ್ಲಿ ನಾಲ್ಕು ನೂರಕ್ಕೂ ಹೆಚ್ಚು ಕುಟುಂಬಗಳು ಹೊರಬಂದವು. ಅವರಿಗೆ ಎಂ.ಸಿ. ಹಳ್ಳಿ, ಕೆಳಗೂರುಗಳಲ್ಲಿ ಸಾಗುವಳಿ ಭೂಮಿ ಸಿಕ್ಕಿತು. ಬಹುಮಂದಿ ಬೇರೂರಿ ನಿಂತರು. ಆದರೆ ಅವರಲ್ಲಿ ಬಹುಮಂದಿ ಮೊದಲೇ ಬೇಸಾಯಗಾರರು. ಅವರ ಕಸಬು ಅವರೊಡನೆಯೇ ಬಂತು. ಚೆಂಚುವಿನ ಕಸಬು ಬಂಡೆಯ ಜೇನಿನಲ್ಲಿದೆ, ಮರದ ಅಂಟಿನಲ್ಲಿದೆ. ಅದು ಗಾಡಿಯಲ್ಲಿ ಹೇರಿ ತರುವ ಸಾಮಾನಲ್ಲ. ಅಂಥವನ ಕೈಗೆ 15 ಲಕ್ಷ ಕೊಟ್ಟು ಬಯಲಿಗೆ ಬಿಟ್ಟರೆ ಹಣ ಕರಗಿದ ಮರುದಿನ ಆತ ಯಾರ ಹೊಲದಲ್ಲಿ ಕೂಲಿಗೆ ನಿಲ್ಲಬೇಕು?

ಕಾಡಿನಲ್ಲಿಯೇ ಇರಲು ಬಿಡುವ ಮಾರ್ಗವೂ ಇದೆಯೆಂಬುದಕ್ಕೆ ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟವೇ ಸಾಕ್ಷಿ. 2011ರ ಜನವರಿಯಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸೋಲಿಗರ ಪೋಡುಗಳಿಗೆ ಸಮುದಾಯ ಅರಣ್ಯ ಹಕ್ಕಿನ ಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ದೊರೆತುದು ದೇಶದಲ್ಲಿ ಅದೇ ಮೊದಲು. ಹಕ್ಕು ಕೊಟ್ಟರೆ ಹುಲಿ ಹೋದೀತೆಂದವರಿದ್ದರು. 2010ರ ಎಣಿಕೆಗಿಂತ 2014ರ ಎಣಿಕೆಯಲ್ಲಿ ಅಲ್ಲಿ ಹುಲಿ ಹೆಚ್ಚಿದ್ದವು.

ಇನ್ನೊಂದು ಸಂಗತಿ. 2019ರಲ್ಲಿ ಇದೇ ಅಮ್ರಾಬಾದಿನ ಕಾಡಿನಲ್ಲಿ ಯುರೇನಿಯಂ ಹುಡುಕಲು ಭೂಮಿ ಕೊರೆಯುವ ಪ್ರಸ್ತಾಪ ಬಂದಿತು. ಕೇಂದ್ರದ ಅರಣ್ಯ ಸಲಹಾ ಸಮಿತಿ ತಾತ್ವಿಕವಾಗಿ ಅದನ್ನು ಒಪ್ಪಿತ್ತು. ಚೆಂಚುಗಳೂ ಸುತ್ತಣ ಜನರೂ ಎದ್ದು ನಿಂತರು. ಆ ಸೆಪ್ಟೆಂಬರಿನಲ್ಲಿ ತೆಲಂಗಾಣದ ವಿಧಾನಸಭೆ ಗಣಿಗಾರಿಕೆ ಬೇಡವೆಂದು ಒಮ್ಮತದ ನಿರ್ಣಯ ಮಾಡಿತು. ಅಂದು ಪೆಂಟಗಳೆಲ್ಲ ಬರಿದಾಗಿದ್ದರೆ ಕಾಡಿನ ಒಳಗಿನಿಂದ ಬೇಡವೆನ್ನುವ ಕೊರಳು ಎಲ್ಲಿರುತ್ತಿತ್ತು? ಕಾವಲಿಗೆ ಚೆಂಚು ತರುಣರನ್ನೇ ನೇಮಿಸಿಕೊಳ್ಳುವ ಅರಣ್ಯ ಇಲಾಖೆಗೆ ಅವರ ಕಣ್ಣು ಕಿವಿಗಳ ಬೆಲೆ ಗೊತ್ತಿದೆ. ಕಾವಲಿಗೆ ಬೇಕಾದವನು ವಾಸಕ್ಕೆ ಬೇಡವಾಗುವುದು ಯಾವ ನ್ಯಾಯ?

ನಾವೂ ಊರು ಬಿಟ್ಟು ಬಂದವರೇ. ಆದರೆ ನಮ್ಮ ಊರು ಇದ್ದಲ್ಲಿಯೇ ಇದೆ. ಜಾತ್ರೆಗೆ, ಮದುವೆಗೆ, ಕೆಲಸ ತಪ್ಪಿದಾಗ ಹಿಂದಿರುಗಲು ಒಂದು ಹೊಸ್ತಿಲು ಉಳಿದಿದೆ. ರುಜು ಮಾಡಿದ ಚೆಂಚುವಿಗೆ ಆ ಹೊಸ್ತಿಲು ಇರುವುದಿಲ್ಲ. ಆದುದರಿಂದಲೇ ಅವನ ರುಜುವನ್ನು ನಮ್ಮದಕ್ಕಿಂತ ಹೆಚ್ಚು ಎಚ್ಚರದಿಂದ ಪಡೆಯಬೇಕು.

ಸರಕಾರಕ್ಕೆ ನಾವು ಹೇಳುವುದು ಇಷ್ಟೇ. ಮೊದಲು ಹಕ್ಕಿನ ಪತ್ರ ಕೈಗೆ ಕೊಡಿ. ಹೊಸ ಜಾಗದ ಭೂಮಿ, ನೀರು, ಶಾಲೆಗಳನ್ನು ಕಣ್ಣಾರೆ ತೋರಿಸಿ. ಗ್ರಾಮಸಭೆಯಲ್ಲಿ ಹೆಂಗಸರೂ ಕೇಳುವಂತೆ ಅವರಾಡುವ ಮಾತಿನಲ್ಲಿಯೇ ಕರಾರನ್ನು ಓದಿ ಹೇಳಿ. ಒಲ್ಲೆನೆಂದವರಿಗೆ ಪಡಿತರ, ಔಷಧಿ, ಮಾಸ್ತರುಗಳನ್ನು ಒಂದು ದಿನವೂ ತಪ್ಪಿಸಬೇಡಿ. ಒಲ್ಲೆ ಎನ್ನಲು ಧೈರ್ಯವಿದ್ದವನು ಹೂಂ ಎಂದರೆ ಮಾತ್ರ ಅದು ಒಪ್ಪಿಗೆ.