ಎಸ್ಸೆಸ್ಸೆಲ್ಸಿಯಲ್ಲಿ ಕೇಳಲ್ಲ, ಪಿಯುಸಿಯಲ್ಲಿ ಬಿಡಲ್ಲ: 9ನೇ ಕ್ಲಾಸಿನ ಐದು ಪಾಠಗಳ ಲೆಕ್ಕ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ತಾಲೂಕು ಕೇಂದ್ರದ ಯಾವ ಅಂಗಡಿ ಮುಂದೆ ನಿಂತರೂ ಒಂದೇ ಮಾತು: 'ಮಗನಿಗೆ ಸೈನ್ಸ್ ಕೊಡಿಸ್ತೀರಾ, ಕಾಮರ್ಸಾ?' ವಿಜ್ಞಾನದಲ್ಲಿ ಒಳ್ಳೆ ಮಾರ್ಕ್ಸ್ ಬಂದಿದ್ದರೆ ಅನುಮಾನವೇ ಇಲ್ಲ, ಸೈನ್ಸೇ. ಆದರೆ ದಸರಾ ರಜೆ ಹೊತ್ತಿಗೆ ಅದೇ ಹುಡುಗ 'ಫಿಸಿಕ್ಸ್ ತಲೆಗೇ ಹೋಗ್ತಿಲ್ಲ' ಅಂತ ಪುಸ್ತಕ ಮುಚ್ಚಿಟ್ಟು ಕೂತಿರುತ್ತಾನೆ. ಮೇ ತಿಂಗಳಲ್ಲಿ ಜಾಣನಾಗಿದ್ದವನು ಅಕ್ಟೋಬರಿಗೆ ದಡ್ಡ ಆಗಿಬಿಟ್ಟನಾ? ಇಲ್ಲ. ಎಷ್ಟೋ ಮಕ್ಕಳ ವಿಷಯದಲ್ಲಿ ಗಂಟು ಇರುವುದು ಪಿಯುಸಿಯಲ್ಲಲ್ಲ, 9ನೇ ತರಗತಿಯಲ್ಲಿ.

ಪ್ರಶ್ನೆಪತ್ರಿಕೆಯಲ್ಲಿ ಏನಿಲ್ಲ?

ರಾಜ್ಯದ ಎಸ್ಸೆಸ್ಸೆಲ್ಸಿ ವಿಜ್ಞಾನ ಪತ್ರಿಕೆ 80 ಅಂಕದ್ದು, ಉಳಿದ 20 ಆಂತರಿಕ ಅಂಕ. ಈಚಿನ ವರ್ಷಗಳ 10ನೇ ತರಗತಿ ಪಠ್ಯದಲ್ಲಿ ಭೌತಶಾಸ್ತ್ರ ಅಂದರೆ ಬೆಳಕು, ಮಾನವನ ಕಣ್ಣು, ವಿದ್ಯುಚ್ಛಕ್ತಿ, ವಿದ್ಯುತ್ತಿನ ಕಾಂತೀಯ ಪರಿಣಾಮ. ಚಲನೆ, ಬಲ, ಗುರುತ್ವ, ಕೆಲಸ ಮತ್ತು ಶಕ್ತಿ, ಶಬ್ದ, ಈ ಐದೂ ಪಾಠ ಇರುವುದು 9ನೇ ತರಗತಿಯಲ್ಲಿ. ಪಬ್ಲಿಕ್ ಪರೀಕ್ಷೆಯಲ್ಲಿ ಇವುಗಳಿಂದ ನೇರ ಪ್ರಶ್ನೆ ಬರುವುದಿಲ್ಲ.

ಪರೀಕ್ಷೆಗೆ ಬರದ ಪಾಠಕ್ಕೆ ಎಷ್ಟು ಬೆಲೆ ಸಿಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಶಾಲೆಯ ಹೆಸರು ನಿಂತಿರುವುದೇ 10ನೇ ಕ್ಲಾಸಿನ ರಿಸಲ್ಟ್ ಮೇಲೆ. ಕೆಲವು ಶಾಲೆ, ಟ್ಯೂಷನ್‌ಗಳಲ್ಲಿ 9 ಮುಗಿಯುವ ಮೊದಲೇ 10ರ ಪಾಠ ಶುರುವಾಗುತ್ತದೆ. ಗಣಿತವನ್ನೂ ಹೊತ್ತ ಶಿಕ್ಷಕರಿಗೆ ಎಲ್ಲಾದರೂ ಸಮಯ ಉಳಿಸಬೇಕು ಅಂದರೆ ಕೈ ಹೋಗುವುದು ಈ ಪಾಠಗಳ ಕಡೆಗೇ.

ಆದರೆ ಪ್ರಥಮ ಪಿಯುಸಿ ಫಿಸಿಕ್ಸ್ ಪುಸ್ತಕ ತೆರೆದರೆ ಅಳತೆಯ ಪಾಠ ಮುಗಿದ ಕೂಡಲೇ ಚಲನೆ, ಮತ್ತೆ ಚಲನೆ, ಆಮೇಲೆ ಚಲನೆಯ ನಿಯಮ. ಕೊನೆಯಲ್ಲಿ ಆಂದೋಲನ, ಅಲೆಗಳು. ಅಂದರೆ 9ನೇ ಕ್ಲಾಸಿನಲ್ಲಿ ಓಡಿಸಿಬಿಟ್ಟ ಪಾಠದ ಮೇಲೇ ಇಡೀ ವರ್ಷದ ಕಟ್ಟಡ. ಸಿಇಟಿಯಲ್ಲಿ ಫಿಸಿಕ್ಸ್‌ಗೆ 60 ಅಂಕ, ನೀಟ್‌ನ 720ರಲ್ಲಿ 180. ಎರಡರಲ್ಲೂ ಪ್ರಥಮ ಪಿಯುಸಿ ಪಾಠದಿಂದಲೂ ಪ್ರಶ್ನೆ ಬರುತ್ತವೆ.

ಕನ್ನಡ ಮಾಧ್ಯಮದ ಮಕ್ಕಳಿಗೆ ಪೆಟ್ಟು ಎರಡು ಕಡೆಯಿಂದ. 'ವೇಗೋತ್ಕರ್ಷ' ಅರ್ಥವಾಗುವ ಮೊದಲೇ ಅದು 'ಆಕ್ಸಿಲರೇಷನ್' ಆಗಿರುತ್ತದೆ, 'ಸಂವೇಗ' ಹೋಗಿ 'ಮೊಮೆಂಟಮ್' ಬಂದಿರುತ್ತದೆ. ಗೊತ್ತಿರುವ ವಿಷಯಕ್ಕೆ ಹೊಸ ಹೆಸರು ಕಲಿಯುವುದು ಕಷ್ಟವಲ್ಲ. ಗೊತ್ತೇ ಇಲ್ಲದ ವಿಷಯಕ್ಕೆ ಗೊತ್ತಿಲ್ಲದ ಹೆಸರು ಬಂದರೆ ಮಗು ಬಾಯಿಪಾಠದ ದಾರಿ ಹಿಡಿಯುತ್ತದೆ.

ಒಂದು ಪ್ರಶ್ನೆ ಸಾಕು ಪರೀಕ್ಷಿಸಲು

'ಬಸ್ ಸಡನ್ ಬ್ರೇಕ್ ಹಾಕಿದರೆ ಪ್ರಯಾಣಿಕರು ಮುಂದಕ್ಕೆ ಯಾಕೆ ಬಾಗುತ್ತಾರೆ?' ಅಂದರೆ ಎಲ್ಲ ಮಕ್ಕಳೂ 'ಜಡತ್ವ' ಅನ್ನುತ್ತಾರೆ. 'ಬಸ್ ಬಲಕ್ಕೆ ತಿರುಗಿದರೆ ಯಾವ ಕಡೆ ವಾಲುತ್ತಾರೆ? ಯಾಕೆ?' ಅಂತ ಕೇಳಿ ನೋಡಿದರೆ ಬಾಯಿಪಾಠ ಯಾವುದು, ತಿಳಿವಳಿಕೆ ಯಾವುದು ಅಂತ ಗೊತ್ತಾಗುತ್ತದೆ. ದೇಹ ನೇರ ಹೋಗುತ್ತಲೇ ಇರಲು ನೋಡುತ್ತದೆ, ಬಸ್ ಮಾತ್ರ ಬಲಕ್ಕೆ ಹೊರಳುತ್ತದೆ. ಹಾಗಾಗಿ ಒಳಗಿದ್ದವರು ಎಡಕ್ಕೆ ವಾಲುತ್ತಾರೆ. ಅದೂ ಜಡತ್ವವೇ.

ಇದು ಬರೀ ಮಾರ್ಕ್ಸಿನ ಮಾತೂ ಅಲ್ಲ. ಗಂಟೆಗೆ 36 ಕಿ.ಮೀ. ಅಂದರೆ ಸೆಕೆಂಡಿಗೆ 10 ಮೀಟರ್, 72 ಅಂದರೆ 20 ಮೀಟರ್. ಬ್ರೇಕ್ ಹಾಕಿದಾಗ ವೇಗ ಪ್ರತಿ ಸೆಕೆಂಡಿಗೆ 5 ಮೀಟರ್‌ನಷ್ಟು ಇಳಿಯುತ್ತದೆ ಅಂತಿಟ್ಟುಕೊಂಡರೆ, ಮೊದಲ ಬೈಕ್ 10 ಮೀಟರಿಗೆ ನಿಲ್ಲುತ್ತದೆ, ಎರಡನೆಯದು 40 ಮೀಟರಿಗೆ. ವೇಗ ಎರಡು ಪಟ್ಟು, ದೂರ ನಾಲ್ಕು ಪಟ್ಟು! ಸವಾರ ಎಚ್ಚೆತ್ತು ಬ್ರೇಕ್ ಒತ್ತಲು ಒಂದು ಸೆಕೆಂಡ್ ಹಿಡಿದರೆ ಒಟ್ಟು 20 ಮತ್ತು 60 ಮೀಟರ್. ಇದು 9ನೇ ಕ್ಲಾಸಿನ ಲೆಕ್ಕ. ಅಪ್ಪನ ಬೈಕ್ ಕೀ ತೆಗೆದುಕೊಂಡು ಓಡುವ ಹುಡುಗನಿಗೆ ಇದನ್ನು ಕಲಿಸದೆ ದಾಟಿಸಿದರೆ ನಷ್ಟ ಯಾರಿಗೆ?

ಶಬ್ದದ ಪಾಠವೂ ಹಾಗೇ. ಮಿಂಚು ಕಂಡು ಐದು ಸೆಕೆಂಡಿಗೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು 1.7 ಕಿ.ಮೀ. ದೂರದಲ್ಲಿದೆ. ಬೆಳಕು ತಕ್ಷಣ ಬರುತ್ತದೆ, ಶಬ್ದ ಸೆಕೆಂಡಿಗೆ 340 ಮೀಟರ್ ಆಸುಪಾಸಿನಲ್ಲಿ ನಡೆದು ಬರುತ್ತದೆ. ಹೊಲದಲ್ಲಿ ನಿಂತವರಿಗೆ ಓಡಬೇಕೋ ಬೇಡವೋ ಅಂತ ಹೇಳುವ ಲೆಕ್ಕ ಇದು. ಅಷ್ಟು ಹತ್ತಿರದಲ್ಲಿ ಸಿಡಿಲಿದ್ದರೆ ಬಯಲಲ್ಲಿ ನಿಲ್ಲುವಂತಿಲ್ಲ.

ಪರೀಕ್ಷೆ ತಂದರೆ ಸರಿಹೋಗುತ್ತಾ?

2023-24ರಲ್ಲಿ ರಾಜ್ಯ ಸರ್ಕಾರ 5, 8, 9 ಮತ್ತು 11ನೇ ತರಗತಿಗೂ ಬೋರ್ಡ್ ಮಟ್ಟದ ಪರೀಕ್ಷೆ ನಡೆಸಿತು. ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2024ರ ಏಪ್ರಿಲ್‌ನಲ್ಲಿ ತಡೆ ಬಿತ್ತು. ಪರೀಕ್ಷೆ ಬೇಕೋ ಬೇಡವೋ ಎಂಬ ಜಗಳವೇ ಜೋರಾಯಿತು. ಆ ತರಗತಿಯಲ್ಲಿ ಪಾಠ ಆಗುತ್ತಿದೆಯಾ ಅನ್ನುವ ಪ್ರಶ್ನೆ ಹಿಂದೆ ಸರಿಯಿತು. ಪರೀಕ್ಷೆ ಇಟ್ಟರೆ ಪಾಠ ಪೂರ್ತಿ ಆದೀತು, ನಿಜ. ಆದರೆ 'ಜಡತ್ವ' ಅನ್ನುವ ಒಂದೇ ಪದಕ್ಕೆ ಅಂಕ ಕೊಡುವ ಪರೀಕ್ಷೆಯಾದರೆ ಬಾಯಿಪಾಠ ಒಂದು ವರ್ಷ ಮೊದಲೇ ಶುರುವಾಗುತ್ತದೆ, ಅಷ್ಟೇ.

ಪೋಷಕರ ಕೈಯಲ್ಲಿ ಇರುವುದು ಸಣ್ಣ ಕೆಲಸ. ಎಸ್‌ಡಿಎಂಸಿ ಸಭೆಯಲ್ಲಿ 10ನೇ ಕ್ಲಾಸಿನ ರಿಸಲ್ಟ್ ಕೇಳುವಾಗ '9ರ ಐದು ಪಾಠ ಮುಗಿದವಾ, ಲೆಕ್ಕ ಮಾಡಿಸಿದಿರಾ?' ಅಂತಲೂ ಕೇಳಬಹುದು. ಎಸ್ಸೆಸ್ಸೆಲ್ಸಿ ಬರೆದ ಮಕ್ಕಳಿಗೆ ಕಾಲೇಜು ಶುರುವಾಗುವವರೆಗೆ ರಜೆ ಇದ್ದೇ ಇರುತ್ತದೆ. ಸೈನ್ಸ್ ತಗೊಳ್ಳುವವರು ಸಾವಿರಾರು ರೂಪಾಯಿ ಕ್ರ್ಯಾಶ್ ಕೋರ್ಸಿಗೆ ಸುರಿಯುವ ಮೊದಲು ಅಟ್ಟದ ಮೇಲಿಟ್ಟ 9ನೇ ಕ್ಲಾಸ್ ವಿಜ್ಞಾನ ಪುಸ್ತಕ ಇಳಿಸಲಿ. ರದ್ದಿಗೆ ಹಾಕಿದ್ದರೆ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪುಸ್ತಕಗಳು ಪುಕ್ಕಟೆ ಸಿಗುತ್ತವೆ. ದಿನಕ್ಕೆ ಒಂದು ಗಂಟೆ ಕೂತು ಲೆಕ್ಕಗಳನ್ನು ಕೈಯಾರೆ ಬಿಡಿಸಿದರೆ, ಜೂನ್‌ನಲ್ಲಿ ಲೆಕ್ಚರರ್ ಬೋರ್ಡ್ ಮೇಲೆ ಬರೆಯುವ ಮೊದಲ ಸಮೀಕರಣ ಹೊಸದು ಅನ್ನಿಸುವುದಿಲ್ಲ.