ಕಾರಿಗೊಂದು ಮನೆ, ಬಸ್ಸಿಗಿಲ್ಲ ದಾರಿ

ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಹಳ್ಳಿಯ ಬಡ ಕುಟುಂಬಕ್ಕೆ ಕಟ್ಟುವ ಮನೆ, ಅಡುಗೆಯ ಜಾಗವೂ ಸೇರಿ, ಕನಿಷ್ಠ 25 ಚದರ ಮೀಟರ್ ಇರಬೇಕೆಂಬುದು ನಿಯಮ. ನಗರದ ಬಹುಮಹಡಿ ಕಟ್ಟಡದ ನೆಲಮಾಳಿಗೆಯಲ್ಲಿ ಒಂದು ಕಾರಿಗೆ, ಅದು ತಿರುಗಿ ಹೊರಬರುವ ದಾರಿಯೂ ಸೇರಿ, ಯೋಜನಾಕಾರರು ಹಿಡಿಯುವ ರೂಢಿಯ ಲೆಕ್ಕ 32 ಚದರ ಮೀಟರ್. ದಿನದ ಬಹುಪಾಲು ಸುಮ್ಮನೆ ನಿಂತಿರುವ ಯಂತ್ರಕ್ಕೆ ಮನುಷ್ಯರ ಮನೆಗಿಂತ ದೊಡ್ಡ ಕೋಣೆ! ಬೆಳೆಯುತ್ತಿರುವ ಉಪನಗರಗಳ ಪಾರ್ಕಿಂಗ್ ಜಗಳವನ್ನು ಪಟ್ಟಣಿಗರ ತಾಪತ್ರಯವೆಂದು ಮಲೆನಾಡಿಗರು ಬದಿಗೆ ಸರಿಸುವ ಮುನ್ನ ಈ ಎರಡು ಅಂಕಿಗಳನ್ನು ಗಮನಿಸಬೇಕು.

ಬೆಂಗಳೂರಿನ ಪೂರ್ವದಲ್ಲಿರುವ ವೈಟ್‌ಫೀಲ್ಡ್ ಇದಕ್ಕೆ ತಕ್ಕ ಉದಾಹರಣೆ. 1882ರಲ್ಲಿ ಮೈಸೂರಿನ ಮಹಾರಾಜ ಚಾಮರಾಜ ಒಡೆಯರ್ ಅವರು ಆಂಗ್ಲೋ ಇಂಡಿಯನ್ ಸಂಘಕ್ಕೆ ನೀಡಿದ 3,900 ಎಕರೆ ಭೂಮಿಯಲ್ಲಿ ಹುಟ್ಟಿದ ಊರದು. ಅದರ ನಡುಭಾಗವನ್ನು ವೃತ್ತಾಕಾರದಲ್ಲಿ, ಕಾಲ್ನಡಿಗೆಯ ಅಳತೆಗೆ ರೂಪಿಸಲಾಗಿತ್ತು. 1990ರ ದಶಕದಲ್ಲಿ ತಂತ್ರಜ್ಞಾನ ಸಂಸ್ಥೆಗಳು ಬಂದವು, ಅವುಗಳ ಹಿಂದೆ ವಸತಿ ಸಮುಚ್ಚಯಗಳು ಬಂದವು. ಸಾಗರ, ಶಿರಸಿ, ತೀರ್ಥಹಳ್ಳಿಗಳಿಂದ ಓದು ಮುಗಿಸಿ ಹೊರಟ ತರುಣ ತರುಣಿಯರೂ ಅಲ್ಲಿಗೆ ಸೇರಿದರು. ಗಾಡಿದಾರಿಗಳಾಗಿದ್ದ ಹಳ್ಳಿಯ ಬೀದಿಗಳೇ ಮುಖ್ಯರಸ್ತೆಗಳಾದವು. ಮೆಟ್ರೊ ರೈಲು ಅಲ್ಲಿಗೆ ಮುಟ್ಟಿದ್ದು 2023ರ ಮಾರ್ಚ್‌ನಲ್ಲಿ. ಆಗಲೂ ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರದ ನಡುವಿನ ತುಂಡು ಕೂಡಿರಲಿಲ್ಲವಾಗಿ, ನಗರದೊಂದಿಗೆ ಸಂಪರ್ಕ ಪೂರ್ಣಗೊಂಡದ್ದು ಅಕ್ಟೋಬರ್‌ನಲ್ಲಿ.

ಉದ್ಯೋಗ ಬಂದು ರೈಲು ಬರುವುದರ ನಡುವೆ ಒಂದು ತಲೆಮಾರೇ ಬೆಳೆದು ನಿಂತಿತ್ತು. ಆ ಅವಧಿಯಲ್ಲಿ ಜನ ವಾಹನ ಕೊಂಡರು. ಅದನ್ನು ಶೋಕಿಯೆಂದು ಹೀಗಳೆಯುವುದು ಅನ್ಯಾಯ. ಬಸ್ಸು ಯಾವಾಗ ಬಂದೀತೆಂಬುದು ತಿಳಿಯದೆಡೆ, ರಾತ್ರಿ ಪಾಳಿ ಮುಗಿಸಿದ ಹೆಣ್ಣುಮಗಳಿಗೆ ಸ್ಕೂಟರ್ ಅನಿವಾರ್ಯ. 2023ರ ಹೊತ್ತಿಗೆ ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿತು. ದಿನಕ್ಕೆ 40 ಲಕ್ಷಕ್ಕೂ ಮಿಕ್ಕಿದ ಪ್ರಯಾಣಿಕರನ್ನು ಹೊರುವ ನಗರ ಸಾರಿಗೆಯ ಬಸ್ಸುಗಳಾದರೋ ಏಳು ಸಾವಿರದ ಆಸುಪಾಸು. 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೆಂದೇ ಒಂದು ಪಥವನ್ನು ಮೀಸಲಿಡಲಾಗಿತ್ತು. ಮೆಟ್ರೊ ಕಾಮಗಾರಿ ಹಬ್ಬುತ್ತಿದ್ದಂತೆ ಆ ಪಥ ಅಳಿದುಹೋಯಿತು. ರಸ್ತೆ ಕಿರಿದಾದಾಗ ಮೊದಲು ಜಾಗ ಬಿಡಬೇಕಾದುದು ಅರುವತ್ತು ಜನರನ್ನು ಹೊತ್ತ ಬಸ್ಸು! ಈ ಆದ್ಯತೆಯನ್ನು ಯಾವ ಸಭೆಯೂ ಚರ್ಚಿಸಿ ತೀರ್ಮಾನಿಸಿದ್ದಲ್ಲ.

ಉಪನಗರ ರೈಲಿನ ಕಥೆಯೂ ಹೀಗೆಯೇ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂವಿನ ಹೆಸರು ಹೊತ್ತ ನಾಲ್ಕು ಮಾರ್ಗಗಳಿಗೆ, ಒಟ್ಟು 148 ಕಿಲೋಮೀಟರಿಗೆ, 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಯಿತು. ಅಂದು ಸಾರಿದ ಗಡುವು 40 ತಿಂಗಳು. 2025 ಮುಗಿದರೂ ಒಂದು ಹೂವೂ ಅರಳಲಿಲ್ಲ. ವೈಟ್‌ಫೀಲ್ಡಿಗೆ ಸಲ್ಲಬೇಕಾದದ್ದು ಪಾರಿಜಾತ.

ಈ ಮಧ್ಯೆ ಪ್ರತಿ ಕಟ್ಟಡವೂ ಇಷ್ಟು ವಿಸ್ತೀರ್ಣಕ್ಕೆ ಇಷ್ಟು ಕಾರಿನ ಜಾಗ ಒದಗಿಸಲೇಬೇಕೆಂಬ ನಿಯಮ ತನ್ನ ಕೆಲಸ ಮಾಡುತ್ತಿದೆ. ಆ ವೆಚ್ಚ ಮನೆಯ ಬೆಲೆಯಲ್ಲಿ ಸೇರಿ, ಕಾರಿಲ್ಲದವನೂ ಅದನ್ನು ತೆರುತ್ತಾನೆ. ಬೀದಿಯಲ್ಲಿ ನಿಲ್ಲಿಸುವವರಿಗಾದರೋ ನೆಲ ಬಹುತೇಕ ಉಚಿತ. 2021ರಲ್ಲಿ ಸರ್ಕಾರ ಒಪ್ಪಿದ ಪಾರ್ಕಿಂಗ್ ನೀತಿ ಇದಕ್ಕೆ ಶುಲ್ಕ ವಿಧಿಸಬೇಕೆಂದಿತು. ಶುಲ್ಕದ ಮಾತೆತ್ತಿದಾಗಲೆಲ್ಲ ವಿರೋಧ ಎದ್ದಿತು. ಗಿರಾಕಿ ತಪ್ಪುತ್ತಾನೆಂಬ ಅಂಗಡಿಯವರ ಆತಂಕ ಸುಳ್ಳಲ್ಲ. ಆದರೆ ಅಂಗಡಿಯ ಮುಂದೆ ಬೆಳಗಿನಿಂದ ಸಂಜೆಯವರೆಗೆ ಅಲುಗಾಡದೆ ನಿಂತ ಕಾರು ಗಿರಾಕಿಯದಲ್ಲ ಎಂಬುದನ್ನೂ ಅವರು ಬಲ್ಲರು. ಜಪಾನಿನಲ್ಲಿ 1962ರ ಕಾನೂನಿನ ಪ್ರಕಾರ, ಮನೆಯಿಂದ ಎರಡು ಕಿಲೋಮೀಟರಿನೊಳಗೆ ನಿಲ್ಲಿಸಲು ಸ್ವಂತದ ಅಥವಾ ಬಾಡಿಗೆಯ ಜಾಗವಿದೆಯೆಂದು ತೋರಿಸದೆ ಕಾರು ನೋಂದಾಯಿಸಲಾಗದು. ಹಾಗೆಂದು ಜಪಾನಿನ ಕಾನೂನನ್ನಷ್ಟೇ ತಂದು, ಅಲ್ಲಿನ ರೈಲನ್ನು ಅಲ್ಲೇ ಬಿಟ್ಟುಬಂದರೆ ಬಡವರ ಮೇಲೆ ಹೊರೆಯಾದೀತು. ಶುಲ್ಕದ ಹಣ ಅದೇ ಬಡಾವಣೆಯ ಪಾದಚಾರಿ ಮಾರ್ಗಕ್ಕೂ ಬಸ್ಸಿಗೂ ಸಲ್ಲುವುದಾದರೆ ಮಾತ್ರ ಶುಲ್ಕ ನ್ಯಾಯವೆನಿಸುತ್ತದೆ.

ಮಲೆನಾಡಿಗೆ ಈ ಕಥೆ ತಟ್ಟುವುದು ನೀರಿನಲ್ಲಿ. ನಿವೇಶನದ ಅಂಚಿನವರೆಗೆ ಬಂಡೆ ಕೊರೆದು ಎರಡಂತಸ್ತು ನೆಲಮಾಳಿಗೆ ತೆಗೆದು, ಉಳಿದ ಅಂಗಳಕ್ಕೂ ಸಿಮೆಂಟು ಹಾಸಿದ ಮೇಲೆ ಮಳೆ ಇಂಗುವುದೆಲ್ಲಿ? ಅಂತರ್ಜಲ ಕುಸಿಯಲು ಕಾರಿನ ಕೋಣೆಯೊಂದೇ ಕಾರಣವಲ್ಲ. ಕೆರೆಗಳ ನಾಶ, ಅತಿಯಾದ ಕೊಳವೆಬಾವಿಗಳು ಅದಕ್ಕಿಂತ ದೊಡ್ಡ ಕಾರಣಗಳು. ಆದರೆ ಮೂರರ ಹಿಂದೆ ಇರುವುದೂ ಒಂದೇ ಬಗೆಯ ಯೋಜನೆ. 2024ರ ಬೇಸಿಗೆಯಲ್ಲಿ ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳ ಪೈಕಿ 6,900 ಬತ್ತಿವೆಯೆಂದು ಮುಖ್ಯಮಂತ್ರಿಗಳೇ ತಿಳಿಸಿದರು. ವೈಟ್‌ಫೀಲ್ಡ್ ಭಾಗದ ಸಮುಚ್ಚಯಗಳು ಟ್ಯಾಂಕರಿಗೆ ಕಾದು ಕುಳಿತವು. ಅದಕ್ಕೂ ಐದು ವರ್ಷ ಮೊದಲೇ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾವ ಬಂದಿತ್ತು, ಅದನ್ನು ವಿರೋಧಿಸಿ 2019ರ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತ್ತು. ರಾಜ್ಯಕ್ಕೆ ಬೆಳಕು ಕೊಡಲು ಒಮ್ಮೆ ಊರು ಮುಳುಗಿಸಿಕೊಂಡ ಶರಾವತಿ ಕಣಿವೆಯ ಜನ, ರಾಜಧಾನಿ ತನ್ನ ಮಳೆಯನ್ನು ಏನು ಮಾಡಿತೆಂದು ಕೇಳಿದ್ದು ಉದ್ಧಟತನವಲ್ಲ.

ಅದೇ ಪ್ರಶ್ನೆಯನ್ನು ಮಲೆನಾಡಿನ ಪೇಟೆಗಳಿಗೂ ಕೇಳಬೇಕಾಗಿದೆ. ಗದ್ದೆ ತುಂಬಿಸಿ ಎಬ್ಬಿಸಿದ ಬಡಾವಣೆಗಳು ಇಲ್ಲಿಯೂ ಊರಂಚಿನಲ್ಲಿ ಬೆಳೆಯುತ್ತಿವೆ. ಸಂಜೆಯ ಕೊನೆಯ ಬಸ್ಸು ನಿಂತ ಹಳ್ಳಿಯ ಹುಡುಗ ಕಾಲೇಜಿಗೆ ಸಾಲದ ಬೈಕು ಕೊಳ್ಳುತ್ತಾನೆ. ಆ ಬೈಕು ಪೇಟೆಯ ಕಾಲುದಾರಿಯ ಮೇಲೆ ನಿಲ್ಲುತ್ತದೆ, ಕಾಯಿಪಲ್ಲೆ ಮಾರುವ ಅಜ್ಜಿ ಚರಂಡಿಯ ಅಂಚಿಗೆ ಸರಿಯುತ್ತಾಳೆ. ಮುಂದಿನ ಬಾರಿ ಪಟ್ಟಣ ಪಂಚಾಯಿತಿಯ ಸಭೆಗೆ ಹೊಸ ಬಡಾವಣೆಯ ನಕ್ಷೆ ಬಂದಾಗ ಸದಸ್ಯರು ಅದರಲ್ಲಿ ಮೂರನ್ನು ಬೆರಳಿಟ್ಟು ತೋರಿಸಲು ಹೇಳಲಿ: ಬಸ್ಸು ತಿರುಗುವ ಜಾಗ, ಮಕ್ಕಳು ಶಾಲೆಗೆ ನಡೆಯುವ ದಾರಿ, ಮಳೆನೀರು ಇಂಗುವ ನೆಲ.