ಶೆಲ್ಲಿನ ವಿಷಯಕ್ಕೆ ಬಂದರೆ ಮಾತ್ರ ಜುಗ್ಗತನ

ನಮ್ಮ ಆಫೀಸಿನಲ್ಲಿ ಫೋಟೋಗ್ರಫಿ ಹುಚ್ಚಿನವರು ಎಂಟು-ಹತ್ತು ಜನ ಇದ್ದೇವೆ. ಲೆನ್ಸಿನ ಮಾತು ಶುರುವಾದರೆ ಊಟದ ಬ್ರೇಕು ಮುಗಿದದ್ದೂ ಗೊತ್ತಾಗಲ್ಲ. 70 ಸಾವಿರದ ಕ್ಯಾಮೆರಾ, 50 ಸಾವಿರದ ಲೆನ್ಸು, 15 ಸಾವಿರದ ಫ್ಲ್ಯಾಶು. ಆ ಫ್ಲ್ಯಾಶಿನ ಹೊಟ್ಟೆಯೊಳಗೆ? ಫುಟ್‌ಪಾತ್ ಮೇಲೆ ಚೌಕಾಸಿ ಮಾಡಿ ತಂದ ನಾಲ್ಕು ಪೆನ್ಸಿಲ್ ಶೆಲ್ಲು!

ಮೊನ್ನೆ ಗೆಳೆಯನೊಬ್ಬ, "ಮಗಾ, ಈ ಫ್ಲ್ಯಾಶು ಡಬ್ಬಾ ಕಣೋ. ಎರಡು ಸಲ ಹೊಡೆದ್ರೆ ಮೂರನೇದಕ್ಕೆ ಏಳೋದೇ ಇಲ್ಲ. ಹೊಸದು ತಗೋತೀನಿ" ಅಂದ. ನನಗೆ ರೇಗಿಹೋಯಿತು. ಯಾಕೆಂದರೆ ಇದೇ ಪೆದ್ದುತನ ನಾನೂ ಮಾಡಿದ್ದೆ, ಅದಕ್ಕೆ ಕೊಟ್ಟ ಬೆಲೆ ಇನ್ನೂ ನೆನಪಿದೆ.

ಊರಿನಲ್ಲಿ ಚಿಕ್ಕಪ್ಪನ ಮಗಳ ಮದುವೆ. ಬೆಂಗಳೂರಿನ ಇಂಜಿನಿಯರ್ ಅಂತ ಕ್ಯಾಮೆರಾ ಜವಾಬ್ದಾರಿ ನನ್ನದೇ. ಫ್ಲ್ಯಾಶಿಗೆ "4600 ಎಂಎಎಚ್" ಅಂತ ದಪ್ಪಕ್ಷರದಲ್ಲಿ ಬರೆದಿದ್ದ ರೀಚಾರ್ಜಬಲ್ ಶೆಲ್ಲು ಹಾಕಿದ್ದೆ. ಗಟ್ಟಿಮೇಳ ಮೊಳಗಿತು. ಕುರ್ಚಿಯ ಮೇಲೆ ಕೂತಿದ್ದ ಅಜ್ಜಿ ಅಕ್ಷತೆ ಹಿಡಿದು ಕೈಯೆತ್ತಿದಳು. ಬಟನ್ ಒತ್ತಿದೆ. ಫ್ಲ್ಯಾಶ್ ಬರಲಿಲ್ಲ, ರೆಡಿ ದೀಪವೂ ಹತ್ತಿರಲಿಲ್ಲ. ಅದು ಹತ್ತುವಷ್ಟರಲ್ಲಿ ಅಕ್ಷತೆ ನೆಲದ ಮೇಲಿತ್ತು. ಮಾರನೇ ವರ್ಷ ಅಜ್ಜಿ ಹೋದಳು. ಅವಳು ಕಂಡ ಕೊನೆಯ ಮದುವೆ ಅದು. ನನ್ನ ಹತ್ತಿರ ಇರೋದು ಒಂದು ಕಪ್ಪು ಚಿತ್ರ.

ಆಮೇಲೆ, ಶೆಲ್ಲಿನ ಸಾಮರ್ಥ್ಯ ಅಳೆಯುವ ಚಾರ್ಜರ್ ತಂದು ಆ ನಾಲ್ಕನ್ನೂ ಪರೀಕ್ಷಿಸಿದೆ. ಒಂದೂ ಸಾವಿರ ದಾಟಲಿಲ್ಲ.

ಇದರಲ್ಲಿ ಆಶ್ಚರ್ಯವೇನಿಲ್ಲ. ಪೆನ್ಸಿಲ್ ಗಾತ್ರದ ನಿಕೆಲ್ ಮೆಟಲ್ ಹೈಡ್ರೈಡ್ ಶೆಲ್ಲಿನಲ್ಲಿ ಹಿಡಿಸೋದೇ ಹೆಚ್ಚೆಂದರೆ 2700-2800 ಎಂಎಎಚ್. 4600 ಅಂತ ಬರೆದಿದ್ದರೆ ಅದು ಸುಳ್ಳು, ಅಷ್ಟೇ. ಅನುಮಾನ ಬಂದರೆ ತಕ್ಕಡಿಗೆ ಹಾಕಿ: ಒಳ್ಳೆಯ ಶೆಲ್ಲು ಸುಮಾರು 26ರಿಂದ 30 ಗ್ರಾಂ ತೂಗುತ್ತದೆ. ಹದಿನೈದು ಗ್ರಾಂ ತೂಗುವ ಶೆಲ್ಲಿನಿಂದ ಇನ್ನೇನು ನಿರೀಕ್ಷಿಸುತ್ತೀರಿ?

"ರೀಚಾರ್ಜಬಲ್ ಅಂದ್ರೆ 1.2 ವೋಲ್ಟು, ಆಲ್ಕಲೈನ್ ಆದ್ರೆ 1.5. ಆಲ್ಕಲೈನೇ ಮೇಲಲ್ವಾ?" ಅಂತ ವಾದಿಸುವವರೂ ಇದ್ದಾರೆ. ಬಿಇ ಓದಿದವರೇ ಹೀಗನ್ನುವಾಗ ನಗು ಬರುತ್ತೆ. ಪ್ರತಿ ಸಲ ಹೊಡೆದ ಮೇಲೆ ಫ್ಲ್ಯಾಶು ತನ್ನ ಕೆಪ್ಯಾಸಿಟರ್ ತುಂಬಿಕೊಳ್ಳಲು ಒಮ್ಮೆಲೇ ಹಲವು ಆಂಪಿಯರ್ ಕರೆಂಟು ಎಳೆಯುತ್ತದೆ. ಆಲ್ಕಲೈನಿನ ಒಳಗಿನ ಪ್ರತಿರೋಧ ಜಾಸ್ತಿ. ಖರ್ಚಾದಂತೆ ಅದು ಇನ್ನೂ ಏರುತ್ತದೆ, ಲೋಡು ಬಿದ್ದಾಗ ಆ 1.5 ವೋಲ್ಟು ನಿಲ್ಲೋದಿಲ್ಲ. ನಿಕೆಲ್ ಶೆಲ್ಲು 1.2ರ ಆಸುಪಾಸಿನಲ್ಲೇ ಕೊನೆಯವರೆಗೂ ದುಡಿಯುತ್ತದೆ. ಗೋಡೆ ಗಡಿಯಾರಕ್ಕೆ ಆಲ್ಕಲೈನ್ ಸಾಕು, ಮದುವೆಮನೆಗೆ ಸಾಲದು.

ಹಳೆಯ ನಿಕೆಲ್ ಶೆಲ್ಲುಗಳಿಗೆ ಒಂದು ರೋಗವಿತ್ತು: ಸುಮ್ಮನೆ ಇಟ್ಟರೂ ಖಾಲಿಯಾಗುತ್ತಿದ್ದವು. 2005ರಲ್ಲಿ ಸಾನ್ಯೋ ಕಂಪನಿ ಎನೆಲೂಪ್ ತಂದ ಮೇಲೆ ಆ ನೆಪವೂ ಹೋಯಿತು. ಆ ಜಾತಿಯ ಶೆಲ್ಲು ಚಾರ್ಜ್ ಮಾಡಿ ತಿಂಗಳುಗಟ್ಟಲೆ ಇಟ್ಟರೂ ಬಹುಪಾಲು ಉಳಿಸಿಕೊಂಡಿರುತ್ತದೆ. ಮೇಲೆ ಬರೆದಿರೋದು 2000 ಇರಬಹುದು, ಆದರೆ ಆ 2000 ನಿಜ. ಜೊತೆಗೆ, 2500ರವುಗಳಿಗಿಂತ ಹೆಚ್ಚು ಸಲ ಚಾರ್ಜ್ ಆಗುತ್ತದೆ.

"ಈಗಿನ ಫ್ಲ್ಯಾಶುಗಳಲ್ಲಿ ಲಿಥಿಯಂ ಪ್ಯಾಕೇ ಬರುತ್ತಲ್ಲ ಗುರೂ?" ನಿಜ, ಬೇಗ ತುಂಬುತ್ತವೆ, ಚೆನ್ನಾಗಿವೆ. ಆದರೆ ಕಂಪನಿ ಆ ಪ್ಯಾಕು ಮಾಡೋದು ನಿಲ್ಲಿಸಿದ ದಿನ ನಿಮ್ಮ ಫ್ಲ್ಯಾಶು ಪೇಪರ್‌ವೇಟು. ಪೆನ್ಸಿಲ್ ಶೆಲ್ಲಾದರೆ ತೀರಾ ಆಪತ್ತಿಗೆ ನಮ್ಮೂರಿನ ಬೀಡಿ ಅಂಗಡಿಯಲ್ಲೂ ಸಿಗುತ್ತೆ.

ಒಳ್ಳೇದು ಕೊಂಡರೆ ಮುಗಿಯಲಿಲ್ಲ, ಸಾಕಬೇಕು. ರಾತ್ರಿಯಿಡೀ ಪ್ಲಗ್ಗಿನಲ್ಲಿ ಬಿಟ್ಟು ಸುಡುವ ಅಗ್ಗದ ಚಾರ್ಜರ್ ಎಸೆಯಿರಿ. ಪ್ರತಿ ಶೆಲ್ಲನ್ನೂ ಬೇರೆಬೇರೆಯಾಗಿ ನೋಡಿಕೊಂಡು, ತುಂಬಿದಾಗ ತಾನೇ ನಿಲ್ಲಿಸುವ ಚಾರ್ಜರ್ ತನ್ನಿ. ಫುಲ್ ಪವರಿನಲ್ಲಿ ಸಾಲಾಗಿ ಹೊಡೆದಾಗ ಫ್ಲ್ಯಾಶಿಗೆ ಆರಲು ಬಿಡುವು ಕೊಡಿ. ಕೆಲಸ ಮುಗಿದ ಮೇಲೆ ಶೆಲ್ಲು ತೆಗೆದಿಡಿ. ಆಲ್ಕಲೈನ್ ಆಗಿದ್ದರಂತೂ ಸೋರಿ ಒಳಗಿನ ತಗಡನ್ನೇ ತಿಂದುಹಾಕುತ್ತೆ. ನಾಲ್ಕು ಶೆಲ್ಲಿನ ಗುಂಪಿಗೆ ಮಾರ್ಕರಿನಲ್ಲಿ ಒಂದು ನಂಬರ್ ಹಾಕಿ, ಆ ನಾಲ್ಕನ್ನು ಯಾವತ್ತೂ ಅಗಲಿಸಬೇಡಿ. ಹೊಸದರ ಜೊತೆ ಹಳೆಯದು ಸೇರಿಸಿದರೆ ಹಳೆಯದು ಮೊದಲು ಖಾಲಿಯಾಗುತ್ತದೆ, ಉಳಿದ ಮೂರು ಅದರೊಳಗೆ ಉಲ್ಟಾ ಕರೆಂಟು ತಳ್ಳಿ ಕೊಲ್ಲುತ್ತವೆ.

ಇದನ್ನು ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಯಲಿಲ್ಲ. ತ್ರೀ ಫೇಸ್ ಕರೆಂಟು ರಾತ್ರಿ ಹನ್ನೆರಡಕ್ಕೆ ಬರುತ್ತಿದ್ದ ಕಾಲ. ಅಪ್ಪ ಮೋಟಾರ್ ಹಾಕೋಕೆ ತೋಟಕ್ಕೆ ಹೋಗುವಾಗ ಕೈಯಲ್ಲೊಂದು ಬ್ಯಾಟ್ರಿ. ಅದಕ್ಕೆ ಎರಡು ಶೆಲ್ಲು ಒಟ್ಟಿಗೇ ಹಾಕೋರು, ಒಟ್ಟಿಗೇ ತೆಗೆಯೋರು. ಒಂದು ಸಲ ನಾನು ಒಂದೇ ಒಂದು ಹೊಸದು ತಂದುಕೊಟ್ಟಾಗ, "ಹೋರಿ ಜೊತೆ ಮುದಿ ಎತ್ತು ಕಟ್ತಾರೇನೋ?" ಅಂದಿದ್ದರು.

ಹಾವಿರುವ ದಾರಿಯಲ್ಲಿ ನಡೆಯುವವನಿಗೆ ಶೆಲ್ಲಿನ ಬೆಲೆ ಗೊತ್ತಿತ್ತು. ನಮಗೆ ಶೋರೂಮಿನ ಬೆಲೆಪಟ್ಟಿ ಮಾತ್ರ ಗೊತ್ತು. ಗೆಳೆಯಾ, ಹೊಸ ಫ್ಲ್ಯಾಶು ಆಮೇಲೆ ತಗೋ. ಮೊದಲು ನಾಲ್ಕು ನೆಟ್ಟಗಿನ ಶೆಲ್ಲು ಹಾಕಿ ನೋಡು. ಮುಂದಿನ ತಿಂಗಳು ನಿನ್ನ ತಂಗಿ ಮದುವೆ ಅಂದ್ಯಲ್ಲ, ನಿಮ್ಮಜ್ಜಿನೂ ಬರ್ತಾರೆ ತಾನೇ?